ಒಂದೇ ಗುಂಡಿ, ಮೂರು ಲೆಕ್ಕ: ಲೈಸ್ ಆಫ್ ಪಿ, ಖಜಾನ್, ಸ್ಟೆಲ್ಲರ್ ಬ್ಲೇಡ್ ಡೆಮೊಗಳ ಹೋಲಿಕೆ

ಮೂರೂ ದಕ್ಷಿಣ ಕೊರಿಯಾದ ಸ್ಟುಡಿಯೊಗಳ ಆಟಗಳು. ಮೂರರಲ್ಲೂ ಪ್ಲೇಸ್ಟೇಷನ್ ಕಂಟ್ರೋಲರಿನ ಎಲ್1 ಗುಂಡಿ ಹಿಡಿದರೆ ಗಾರ್ಡ್, ಅಂದರೆ ಏಟಿಗೆ ತಡೆ; ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಒತ್ತಿದರೆ ಪ್ಯಾರಿ, ಅಂದರೆ ಏಟನ್ನೇ ತಳ್ಳಿಹಾಕುವ ತಡೆ. ಟ್ರೇಲರ್ ಮಾತ್ರ ನೋಡಿದವರಿಗೆ ಎಲ್ಲ ಒಂದೇ ಅನ್ನಿಸಿದರೆ ಆಶ್ಚರ್ಯವಿಲ್ಲ. ಕೈಗೆ ಕಂಟ್ರೋಲರ್ ಬಂದ ಮೇಲೆ ಮಾತು ಬೇರೆ. ಪ್ಯಾರಿ ತಪ್ಪಿದರೆ ಎಷ್ಟು ದಂಡ, ಕೂಡಿಬಂದರೆ ಎಷ್ಟು ಲಾಭ ಎಂಬ ಲೆಕ್ಕ ಮೂರರಲ್ಲೂ ಬೇರೆ ಬೇರೆ. ಕೊಳ್ಳುವ ಮುಂಚೆ ಡೆಮೊದಲ್ಲಿ, ಅಂದರೆ ಪುಕ್ಕಟೆ ಆಡಿ ನೋಡಲು ಕೊಡುವ ಆರಂಭದ ಭಾಗದಲ್ಲಿ, ನೋಡಬೇಕಾದ್ದು ಅದನ್ನೇ. ಗ್ರಾಫಿಕ್ಸ್ ಆಮೇಲಿನ ಮಾತು.

ಆಟ ಶುರು ಮಾಡುವ ಮುನ್ನ ಟಿವಿಯ ಗೇಮ್ ಮೋಡ್ ಆನ್ ಮಾಡಿಕೊಳ್ಳಿ. ಅದಿಲ್ಲದಿದ್ದರೆ ಟಿವಿ ಚಿತ್ರವನ್ನು ನಯಗೊಳಿಸುತ್ತಾ ಕೂರುತ್ತದೆ, ಏಟು ಕಣ್ಣಿಗೆ ಬೀಳುವಷ್ಟರಲ್ಲಿ ಪ್ಯಾರಿಯ ಹೊತ್ತು ಮುಗಿದಿರುತ್ತದೆ. ಬ್ಲೂಟೂತ್ ಹೆಡ್‌ಫೋನ್ ಕೂಡ ಬೇಡ. ಶಬ್ದ ತಡವಾಗಿ ಕೇಳಿ ಕೈ ದಾರಿ ತಪ್ಪುತ್ತದೆ. ಪಿಸಿಯಲ್ಲಿ ಕಂಟ್ರೋಲರಿಗೆ ಯುಎಸ್‌ಬಿ ಕೇಬಲ್ ಹಾಕುವುದು ವಾಸಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಬಲ್ ಕೊಳ್ಳುವಾಗ ಅದು ಡೇಟಾ ಕೇಬಲ್ಲೇ ಎಂದು ಕೇಳಿ ತಗೊಳ್ಳಿ, ಬರೀ ಚಾರ್ಜಿಂಗ್ ಕೇಬಲ್ ಇಲ್ಲಿ ಕೆಲಸಕ್ಕೆ ಬಾರದು. ಡೌನ್‌ಲೋಡ್ ವಿಷಯಕ್ಕೆ ಬಂದರೆ, 100 ಎಂಬಿಪಿಎಸ್ ಲೈನ್ ಪೂರ್ತಿ ನಿಮ್ಮದೇ ಆಗಿದ್ದರೂ ಪ್ರತಿ 30 ಜಿಬಿಗೆ 40 ನಿಮಿಷ ಬೇಕು. ಪೀಜಿಯ ಹಂಚಿಕೊಂಡ ವೈಫೈ ಆದರೆ ರಾತ್ರಿ ಹಾಕಿ ಮಲಗುವುದೇ ಸರಿ.

ಲೈಸ್ ಆಫ್ ಪಿ ಡೆಮೊ 2023ರ ಜೂನ್‌ನಲ್ಲಿ ಬಂತು, ಮೊದಲ ಎರಡು ಅಧ್ಯಾಯಗಳು ಅದರಲ್ಲಿವೆ. ಇಲ್ಲಿ ಸಾಧಾರಣ ಗಾರ್ಡ್ ಮಾಡಿದರೆ ಜೀವ ಸ್ವಲ್ಪ ಇಳಿಯುತ್ತದೆ, ಆದರೆ ಆ ಪಾಲು ಕೂಡಲೇ ಮಾಯವಾಗುವುದಿಲ್ಲ. ತಕ್ಷಣ ತಿರುಗಿ ಹೊಡೆದರೆ ಅಷ್ಟೂ ವಾಪಸ್ ಬರುತ್ತದೆ. ಸುಮ್ಮನೆ ಹಿಂದೆ ಸರಿದು ನಿಂತವರಿಗೆ ನಷ್ಟ. ಪರ್ಫೆಕ್ಟ್ ಗಾರ್ಡ್ ಆದರೆ ಜೀವ ಇಳಿಯುವುದಿಲ್ಲ; ಬಾಸ್ (ದಾರಿಗೆ ಅಡ್ಡ ನಿಲ್ಲುವ ದೊಡ್ಡ ವೈರಿ) ಕೆಂಪಗೆ ಹೊಳೆದು ಕೊಡುವ ಏಟನ್ನು ತಡೆಯುವುದಕ್ಕಂತೂ ಅದೊಂದೇ ಗಾರ್ಡ್ ನಡೆಯುವುದು. ವೈರಿಯ ಜೀವದ ಪಟ್ಟಿಯ ಅಂಚು ಬೆಳ್ಳಗೆ ಹೊಳೆದಾಗ ಆಟ ಅರ್ಧ ಮಾತ್ರ ಹೇಳಿಕೊಡುತ್ತದೆ. ಆಗ ಹೆವಿ ಅಟ್ಯಾಕ್ ಗುಂಡಿಯನ್ನು ಒತ್ತಿ ಹಿಡಿದು ಪೂರ್ತಿ ಚಾರ್ಜ್ ಮಾಡಿ ಹೊಡೆಯಬೇಕು, ಆಮೇಲಷ್ಟೇ ಅದು ಕುಸಿಯುತ್ತದೆ. ಲೈಟ್ ಅಟ್ಯಾಕ್‌ನಲ್ಲೇ ಬಡಿಯುತ್ತಾ ಕುಳಿತರೆ ಹೊಳಪು ಆರಿಹೋಗಿ ಶ್ರಮ ವ್ಯರ್ಥ.

ಇನ್ನೆರಡರಲ್ಲಿ ಇಲ್ಲದ ಒಂದು ಸೊಗಸು ಇದರಲ್ಲಿದೆ: ಕತ್ತಿಯ ಅಲಗು, ಹಿಡಿ ಬೇರ್ಪಡಿಸಿ ಬೇರೆ ಬೇರೆ ಜೋಡಿ ಮಾಡಬಹುದು. ಬೀಸುವ ರೀತಿ ಹಿಡಿಯಿಂದ, ಏಟಿನ ಬಲ ಮತ್ತು ಉದ್ದ ಅಲಗಿನಿಂದ. ಚುಚ್ಚುವ ಹಿಡಿಗೆ ಭಾರದ ಅಗಲ ಅಲಗು ಸಿಕ್ಕಿಸಿದರೆ ಆಗುವ ಫಜೀತಿಯನ್ನು ಡೆಮೊದಲ್ಲೇ ನೋಡಿಬಿಡಬಹುದು. ಕೊರತೆ ಎಂದರೆ ಡಾಡ್ಜ್, ಅಂದರೆ ಏಟಿನಿಂದ ಜಾರಿ ತಪ್ಪಿಸಿಕೊಳ್ಳುವುದು. ಡೆಮೊದಲ್ಲಿ ಅದು ಗಿಡ್ಡ, ನಂಬಿ ಹೋದವರಿಗೆ ಏಟು ಗ್ಯಾರಂಟಿ. ಮೊದಲ ಬಾಸ್ ಪೆರೇಡ್ ಮಾಸ್ಟರ್ ಅರ್ಧ ದಾರಿಯಲ್ಲಿ ತನ್ನ ತಲೆಯನ್ನೇ ಕಿತ್ತು ಸುತ್ತಿಗೆ ಮಾಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಏಟಿನ ಅಳತೆಯೇ ಬೇರೆ, ಮೊದಲ ಹಂತದಲ್ಲಿ ಕಲಿತ ಟೈಮಿಂಗ್ ಮರೆಯಬೇಕು. ಈ ಆಟದ ವೈರಿಗಳಲ್ಲಿರುವ ಯಂತ್ರದ ಬೊಂಬೆಗಳಿಗೆ ವಿದ್ಯುತ್ ಏಟು ಚೆನ್ನಾಗಿ ತಾಗುತ್ತದೆ ಎನ್ನುವುದನ್ನೂ ನೆನಪಿಡಿ.

ದಿ ಫಸ್ಟ್ ಬರ್ಸರ್ಕರ್: ಖಜಾನ್ ಮೂರರಲ್ಲಿ ಕಟ್ಟುನಿಟ್ಟಿನದು, ನನ್ನ ಮಟ್ಟಿಗೆ ಮೂರರಲ್ಲಿ ಮೇಲು. ಡೆಮೊ 2025ರ ಜನವರಿ 16ರಂದು ಬಂತು. ಇಲ್ಲಿ ಎಲ್ಲವೂ ಸ್ಟ್ಯಾಮಿನಾ (ದಮ್ಮು) ವ್ಯವಹಾರ. ಹೊಡೆಯಲು, ಓಡಲು, ಗಾರ್ಡ್ ಹಿಡಿಯಲು, ಎಲ್ಲಕ್ಕೂ ಅದೇ ಖರ್ಚು. ಅದು ಸೊನ್ನೆಯಾದರೆ ನಾಯಕ ಖಜಾನ್ ತತ್ತರಿಸಿ ನಿಲ್ಲುತ್ತಾನೆ, ಮುಂದಿನದು ಸಾವು. ಟೈಮಿಂಗ್ ಕೂಡಿದ ಬ್ರಿಂಕ್ ಗಾರ್ಡ್ (ಇಲ್ಲಿ ಪ್ಯಾರಿಯ ಹೆಸರು) ನಿಮ್ಮ ಖರ್ಚನ್ನು ತಗ್ಗಿಸಿ ವೈರಿಯ ಸ್ಟ್ಯಾಮಿನಾ ಕತ್ತರಿಸುತ್ತದೆ. ವೈರಿಯ ಜೀವದ ಪಟ್ಟಿಯ ಕೆಳಗೇ ಸ್ಟ್ಯಾಮಿನಾ ಪಟ್ಟಿಯೂ ಇದೆ, ಕಣ್ಣು ಅದರ ಮೇಲಿರಬೇಕು. ಅದು ಖಾಲಿಯಾಯಿತೋ, ಬ್ರೂಟಲ್ ಅಟ್ಯಾಕ್ ಎಂಬ ಭಾರಿ ಏಟಿಗೆ ದಾರಿ ತೆರೆಯಿತು.

ಹೊಸಬರು ಸಾಮಾನ್ಯವಾಗಿ ಸಾಯುವುದು ದುರಾಸೆಗೆ. ಮೂರು ಏಟು ಕೊಟ್ಟು ನಾಲ್ಕನೆಯದಕ್ಕೆ ಕೈ ಹಾಕಿದರೆ ತಡೆಯಲು ಸ್ಟ್ಯಾಮಿನಾ ಉಳಿದಿರುವುದಿಲ್ಲ. ಎರಡು ಏಟು ಕೊಟ್ಟು ಗಾರ್ಡಿಗೆ ಬನ್ನಿ. ಹಿಮದ ಬೆಟ್ಟದ ಬಾಸ್ ಯೆಟುಗಾ ಈ ಪಾಠ ಕಲಿಸುತ್ತದೆ; ಆಮೇಲೆ ಬರುವ ಬ್ಲೇಡ್ ಫ್ಯಾಂಟಮ್ ಪರೀಕ್ಷೆ ತಗೊಳ್ಳುತ್ತದೆ. ಅದರ ಉದ್ದದ ಕಾಂಬೊಗೆ (ಸಾಲು ಏಟುಗಳಿಗೆ) ಎಲ್1 ಒತ್ತಿ ಹಿಡಿದು ಕೂತರೆ ಉಳಿಗಾಲವಿಲ್ಲ, ಒಂದೊಂದು ಏಟಿಗೂ ಬಿಟ್ಟು ಬಿಟ್ಟು ಒತ್ತಬೇಕು. ಈಟಿ, ಗ್ರೇಟ್‌ಸ್ವೋರ್ಡ್, ಜೋಡಿ ಆಯುಧ, ಹೀಗೆ ಮೂರು ಆಯ್ಕೆಗಳಿವೆ. ಶುರುವಿಗೆ ಈಟಿ ಸಲೀಸು, ಉದ್ದವೂ ಇದೆ ವೇಗವೂ ಇದೆ. ಕಟ್ಟುನಿಟ್ಟಾದರೂ ಆಟಕ್ಕೆ ಕರುಣೆ ಇಲ್ಲದಿಲ್ಲ: ಬಾಸ್ ಮುಂದೆ ಸೋತರೂ ಕೊಟ್ಟ ಏಟಿಗೆ ತಕ್ಕಷ್ಟು ಲಕ್ರಿಮಾ ಎಂಬ ಗಳಿಕೆ ಸಿಗುತ್ತದೆ, ಅದರಿಂದ ಲೆವೆಲ್ ಏರಿಸಬಹುದು.

ಸ್ಟೆಲ್ಲರ್ ಬ್ಲೇಡ್ ನೋಡಲು ಮೂರರಲ್ಲೇ ಅಂದ. ಪಿಎಸ್5 ಡೆಮೊ 2024ರ ಮಾರ್ಚ್ 29ರಂದು, ಪಿಸಿ ಡೆಮೊ 2025ರ ಮೇ ಕೊನೆಗೆ ಬಂತು. ಪಿಎಸ್5ನಲ್ಲಿ ರೆಸಲ್ಯೂಶನ್ ಮೋಡ್ ಬಿಟ್ಟು ಬ್ಯಾಲೆನ್ಸ್ಡ್ ಅಥವಾ ಪರ್ಫಾರ್ಮೆನ್ಸ್ ಹಾಕಿ. ರೆಸಲ್ಯೂಶನ್ ಮೋಡ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್ (ಚಿತ್ರ), ಅಂದರೆ ಒಂದು ಫ್ರೇಮಿಗೆ 33 ಮಿಲಿಸೆಕೆಂಡ್. 60ರಲ್ಲಿ ಸುಮಾರು 17. ಪ್ಯಾರಿ ಆಟದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ನಾಯಕಿ ಈವ್ ಕತ್ತಿ ಎತ್ತುವುದೂ ಒಂದು ಚೂರು ನಿಧಾನ, ಹಾಗಾಗಿ ಇನ್ನೆರಡು ಆಟಗಳ ಅಭ್ಯಾಸಕ್ಕಿಂತ ತುಸು ಮುಂಚೆಯೇ ಒತ್ತಬೇಕು. ಪ್ರತಿ ಪರ್ಫೆಕ್ಟ್ ಪ್ಯಾರಿಗೂ ವೈರಿಯ ಬ್ಯಾಲೆನ್ಸ್ ಚುಕ್ಕೆಗಳು ಇಳಿಯುತ್ತವೆ, ಎಲ್ಲ ಮುಗಿದಾಗ ರೆಟ್ರಿಬ್ಯೂಷನ್ ಎಂಬ ಭಾರಿ ಏಟು. ಹಳದಿ ಹೊಳಪಿನ ಏಟಿಗೆ ಗಾರ್ಡ್ ನಡೆಯದು, ತಪ್ಪಿಸಿಕೊಳ್ಳಲೇಬೇಕು. ಸತ್ತರೂ ಗಳಿಸಿದ್ದು ಕಳೆಯುವುದಿಲ್ಲ.

ಕಥೆಯ ಭಾಗ ಹಗುರ, ಮಾರ್ಗದರ್ಶನದ ಸಂದೇಶಗಳೇ ಜಾಸ್ತಿ. ಆಮೇಲೆ ತೆರೆದುಕೊಳ್ಳುವ ಸ್ಟಾಕರ್ ಬಾಸ್ ಚಾಲೆಂಜ್ ನಿಜವಾದ ಡೆಮೊ. ಅಲ್ಲಿ ನೀಲಿ ಹೊಳಪಿಗೆ ಮುಂದೆ ಒತ್ತಿ ಡಾಡ್ಜ್, ನೇರಳೆ ಹೊಳಪಿಗೆ ಹಿಂದೆ ಒತ್ತಿ ಡಾಡ್ಜ್. ಆ ಕಾದಾಟ ಹಿಡಿಸಿದರೆ ಆಟವೂ ಹಿಡಿಸುತ್ತದೆ. ಅದನ್ನು ಆಡದೆಯೇ ಅಳಿಸಿಹಾಕಿದವರು ಆಟವನ್ನು ಇನ್ನೂ ನೋಡಿಲ್ಲ ಅಂತಲೇ ಲೆಕ್ಕ.

ಖಜಾನ್, ಸ್ಟೆಲ್ಲರ್ ಬ್ಲೇಡ್ ಎರಡರಲ್ಲೂ ಡೆಮೊದ ಸೇವ್ (ಆಡಿದಷ್ಟರ ದಾಖಲೆ) ಪೂರ್ಣ ಆಟಕ್ಕೆ ಹೋಗುತ್ತದೆ, ಆದರೆ ಅದೇ ಪ್ಲಾಟ್‌ಫಾರ್ಮ್‌ನಲ್ಲಿ ಮಾತ್ರ. ಲೈಸ್ ಆಫ್ ಪಿಯಲ್ಲಿ ಮೊದಲಿನಿಂದಲೇ ಶುರು. ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಳ್ಳುವವರಿಗೆ ಸೇವ್ ಮುಂದುವರಿಯುವುದರಿಂದ ಇನ್ನೊಂದು ಅನುಕೂಲವಿದೆ. ಅಲ್ಲಿ ಹಣ ವಾಪಸ್ ಕೇಳಲು ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಸೇವ್ ಮುಂದುವರಿದರೆ ಆ 2 ಗಂಟೆ ಹಳೆಯ ಬಾಸ್‌ಗಳ ಮೇಲೆ ಖರ್ಚಾಗದೆ, ಡೆಮೊ ನಿಂತ ಜಾಗದಿಂದಾಚೆ ಆಟ ಹೇಗಿದೆ ಎಂದು ನೋಡುವುದಕ್ಕೆ ಉಳಿಯುತ್ತದೆ.