ಡಿಎಂಎಲ್‌ಟಿಯೋ, ಬಿಎಸ್ಸಿ ಎಂಎಲ್‌ಟಿಯೋ? ನನ್ನ ಓಟು ಡಿಪ್ಲೊಮಾಕ್ಕೆ

ಮೊದಲೇ ಹೇಳಿಬಿಡುತ್ತೇನೆ: ಸ್ವಂತ ಆಸ್ಪತ್ರೆಯಿರುವ ಕಡೆ ಪ್ಯಾರಾಮೆಡಿಕಲ್ ಬೋರ್ಡಿನ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಆಗಲು ಓದುವ ಡಿಪ್ಲೊಮಾ) ಸೀಟು ಸಿಕ್ಕರೆ, ಆಸ್ಪತ್ರೆಯಿಲ್ಲದ ಕಾಲೇಜಿನ ಬಿಎಸ್ಸಿ ಎಂಎಲ್‌ಟಿ (ಅದೇ ಕೆಲಸದ ಡಿಗ್ರಿ) ಬೇಡ. ಎರಡೂ ಬಗೆಯ ಕಾಲೇಜು ನೋಡಿದ ಮೇಲಿನ ಮಾತಿದು.

ತಕರಾರೆಲ್ಲ ಪೋಸ್ಟಿಂಗ್‌ನದು, ಅಂದರೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೈಯಾರೆ ಕೆಲಸ ಕಲಿಯುವುದರದು. ಆಸ್ಪತ್ರೆಯಿಲ್ಲದ ಕಾಲೇಜು ಯಾವುದೋ ನರ್ಸಿಂಗ್ ಹೋಮಿಗೆ ಕಳಿಸುತ್ತದೆ. ಅಲ್ಲಿ ಬೆಳಗ್ಗೆ ಬರುವುದು ಹತ್ತು ಸ್ಯಾಂಪಲ್, ಸುತ್ತ ನಿಂತವರು ಹದಿನೈದು ಜನ. ಸೂಜಿ ಕೈಗೆ ಬರುವುದೇ ಇಲ್ಲ. ನೀಲಿ ಮುಚ್ಚಳದ ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಟ್ಯೂಬನ್ನು ಗೆರೆಯವರೆಗೆ ತುಂಬಬೇಕು, ರಕ್ತ ಒಂಬತ್ತು ಪಾಲು, ಸಿಟ್ರೇಟ್ ಒಂದು ಪಾಲು ಎಂದು ರೆಕಾರ್ಡ್ ಬುಕ್ಕಿನಲ್ಲಿ ಚೆಂದವಾಗಿ ಬರೆದಿರುತ್ತಾರೆ. ಕೆಲಸಕ್ಕೆ ಸೇರಿದ ದಿನ ಅರ್ಧ ಟ್ಯೂಬ್ ತುಂಬಿ ಕಳಿಸುತ್ತಾರೆ; ಪಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ) ಸುಳ್ಳೇ ಉದ್ದ ಬರುತ್ತದೆ. ನೇರಳೆ ಟ್ಯೂಬಿನ ರಕ್ತ ಮಿಕ್ಕಿತೆಂದು ಕೆಂಪು ಟ್ಯೂಬಿಗೆ ಸುರಿದರಂತೂ ಪೊಟ್ಯಾಸಿಯಂ ಏರಿ, ಕ್ಯಾಲ್ಸಿಯಂ ಇಳಿದು ಕೂರುತ್ತದೆ. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹಾಕಿರುವ ಪೊಟ್ಯಾಸಿಯಂ ಇಡಿಟಿಎಯ ಕೆಲಸವೇ ಅದು.

ಸ್ಮಿಯರ್ ಇನ್ನೊಂದು, ಅಂದರೆ ಸ್ಲೈಡಿನ ಮೇಲೆ ರಕ್ತದ ಹನಿಯನ್ನು ತೆಳ್ಳಗೆ ಹರಡುವುದು. ಹರಡುವ ಗಾಜು, ಸ್ಪ್ರೆಡರ್, 30–45 ಡಿಗ್ರಿಯಲ್ಲಿರಬೇಕು. ನೆಟ್ಟಗೆ ಹಿಡಿದರೆ ದಪ್ಪ, ಮೋಟು ಸ್ಮಿಯರ್. ಲೀಶ್‌ಮನ್ ಬಣ್ಣ ಹಾಕಿ ಎರಡು ನಿಮಿಷ ಬಿಡಬೇಕು, ಅದರಲ್ಲಿರುವ ಮೆಥನಾಲ್ ರಕ್ತಕಣಗಳನ್ನು ಗಾಜಿಗೆ ಕಚ್ಚಿಸಿ ಫಿಕ್ಸ್ ಮಾಡುತ್ತದೆ. ಆಮೇಲೆ ಅದರ ಎರಡರಷ್ಟು ಬಫರ್ (ಆಮ್ಲ–ಕ್ಷಾರದ ಮಟ್ಟ ಕಾಯುವ ದ್ರಾವಣ), ಪಿಎಚ್ 6.8, ಏಳರಿಂದ ಹತ್ತು ನಿಮಿಷ. ಬಫರ್ ಆಮ್ಲೀಯವಾದರೆ ಕೆಂಪು ಕಣ ಕೆಂಪೋ ಕೆಂಪು, ನ್ಯೂಕ್ಲಿಯಸ್ ಪೇಲವ. ಕ್ಷಾರೀಯವಾದರೆ ಸ್ಲೈಡೆಲ್ಲ ನೀಲಿ. ನೂರು ಸ್ಲೈಡ್ ಕೆಡಿಸದೆ ಇದು ಕೈಗೆ ಹತ್ತುವುದಿಲ್ಲ. ಕೆಡಿಸಲಿಕ್ಕಾದರೂ ರಕ್ತ ಬರಬೇಕಲ್ಲ!

ಥಿಯರಿಯಲ್ಲಿ ಬಿಎಸ್ಸಿಯೇ ಮೇಲು. ವಿದೇಶದ ಕನಸಿದ್ದರೆ ಡಿಗ್ರಿ ಮಾಡಿ.

ಪಿಯು ಸೈನ್ಸ್ ಆದವರಿಗೆ ಡಿಪ್ಲೊಮಾ ಎರಡು ವರ್ಷ. ಬಿಎಸ್ಸಿ, ಇಂಟರ್ನ್‌ಶಿಪ್ ಸೇರಿ ನಾಲ್ಕು. ಎರಡು ವರ್ಷದ ಹಾಸ್ಟೆಲ್ ಖರ್ಚು ಉಳಿಯುತ್ತದೆ, ಸಂಬಳ ಬೇಗ ಶುರು. ಕೈ ಕಟ್ಟಿ ಪಾಠ ಕೇಳುವುದಕ್ಕಿಂತ ಬೆಂಚಿನ ಮುಂದೆ ನಿಲ್ಲುವುದೇ ಇಷ್ಟವಾದ ನನ್ನಂಥವರಿಗೆ ಅಷ್ಟು ಸಾಕು. ಡಿಗ್ರಿ ಬೇಕೆನಿಸಿದರೆ ಲ್ಯಾಟರಲ್ ಎಂಟ್ರಿ (ಮೊದಲ ವರ್ಷ ಬಿಟ್ಟು ಮುಂದಿನ ವರ್ಷಕ್ಕೆ ನೇರ ಸೇರುವ ದಾರಿ) ಇದೆ, ಆ ವರ್ಷದ ನಿಯಮ ಓದಿಕೊಳ್ಳಿ.

ಸೀಟು ಹಿಡಿಯುವ ಮುಂಚೆ ಬೆಳಗ್ಗೆ ಎಂಟಕ್ಕೆ ಆ ಕಾಲೇಜು ಪೋಸ್ಟಿಂಗ್‌ಗೆ ಕಳಿಸುವ ಲ್ಯಾಬಿನ ಕಲೆಕ್ಷನ್ ಕೌಂಟರ್ ಎದುರು ಅರ್ಧ ಗಂಟೆ ಕೂತು ಕ್ಯೂ ಎಣಿಸಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೋರ್ಸ್ ಮುಗಿಯುವ ತನಕ ಕಾಲೇಜಿನಲ್ಲೇ ಇರಲಿ ಎಂದರೆ, ಎದ್ದು ಬನ್ನಿ.