ಆರು ಮಳೆಗಾಲ ಕಳೆದ ಮೇಲೆ: ನಡುಮನೆಯ ಸ್ಕೈಲೈಟ್, ಪ್ಯಾಸೇಜಿನ ಸನ್ ಟನಲ್

ತೀರ್ಥಹಳ್ಳಿ ಕಡೆಯ ಹಳೇ ಹೆಂಚಿನ ಮನೆ ನಮ್ಮದು. ಮುಂದೆ ತೋಟ, ಹಿಂದೆ ಗುಡ್ಡ. ಜೂನ್ ಬಂತೆಂದರೆ ನಡುಮನೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಬೇಕು. ಆಗ ಕರೆಂಟ್ ಇದ್ದರೆ ತಾನೆ! ಅದಕ್ಕೇ 2019ರ ಏಪ್ರಿಲ್‌ನಲ್ಲಿ ಮಾಡಿಗೆ ಎರಡು ಕಡೆ ತೂತು ಮಾಡಿಸಿದೆ. ನಡುಮನೆ ಮೇಲೆ 2 ಅಡಿ ಅಗಲ, 4 ಅಡಿ ಉದ್ದದ ಸ್ಕೈಲೈಟ್, ಎರಡು ಪದರ ಗಾಜಿನದು. ಬಚ್ಚಲಿಗೆ ಹೋಗುವ ಪ್ಯಾಸೇಜಿಗೆ 10 ಇಂಚಿನ ಸನ್ ಟನಲ್.

ಸನ್ ಟನಲ್ ನೋಡದವರಿಗೆ ಹೇಳಬೇಕೆಂದರೆ, ಹೆಂಚಿನ ಮೇಲೆ ಬೋರಲು ಹಾಕಿದ ಬಟ್ಟಲಿನಂಥ ಪಾರದರ್ಶಕ ಮುಚ್ಚಳ, ಅದರ ಕೆಳಗೆ ಒಳಮೈ ಕನ್ನಡಿಯಂತೆ ಹೊಳೆಯುವ ಕೊಳವೆ, ಕೊನೆಗೆ ಹಲಗೆ ಸೂರಿನಲ್ಲಿ ಹಾಲುಬಣ್ಣದ ದುಂಡನೆ ಮುಚ್ಚಳ. ನಮ್ಮದು ಮೆತ್ತಿನ ಮೇಲೆ, ಅಂದರೆ ಅಟ್ಟದಲ್ಲಿ, ಅಡಿಕೆ ಮೂಟೆಗಳ ನಡುವೆ ಹಾದು ಕೆಳಗೆ ಬರುತ್ತದೆ. 9 ಅಡಿ ಉದ್ದ, ಒಂದೇ ತಿರುವು.

ಈ ಸನ್ ಟನಲ್ ಟ್ಯೂಬಿನ ಹುಚ್ಚು ಹಿಡಿಸಿದ್ದು ಟೊರಾಂಟೊದಲ್ಲಿರುವ ಅಕ್ಕ. "ಎರಡು ಕಡೆನೂ ಟ್ಯೂಬೇ ಹಾಕ್ಸು ಮಾರಾಯಾ, ಸ್ಕೈಲೈಟ್ ತಲೆನೋವು" ಅಂದಿದ್ದಳು. ಅವಳ ಲೆಕ್ಕ ಅವಳ ಊರಿಗೆ ಸರಿ. ಅಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಮನೆ ಬೆಚ್ಚಗಿಡೋಕೆ ದುಡ್ಡು ಸುರಿಯಬೇಕು. ಗಾಜು ಎರಡು ಪದರವಿರಲಿ ಮೂರಿರಲಿ, ದಪ್ಪಗೆ ಉಣ್ಣೆಯಂಥದ್ದು ತುಂಬಿದ ಮಾಡಿನಷ್ಟು ಶಾಖ ತಡೆಯುವುದಿಲ್ಲ. ಹಾಗಾಗಿ ಅಲ್ಲಿ ತೂತು ಸಣ್ಣದಿದ್ದಷ್ಟೂ ಲಾಭ. ನಮ್ಮಲ್ಲಿ ಹೀಟರ್ ಎಲ್ಲಿದೆ? ಹೆಂಚಿನ ಸಂದಿಯಲ್ಲೇ ಗಾಳಿ ಆರಾಮಾಗಿ ಓಡಾಡಿಕೊಂಡಿರುತ್ತದೆ.

ನಮಗೆ ಬೆಳಕು ಬೇಕಾಗುವುದು ಮಳೆಯಲ್ಲಿ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆ ಇರುವುದು ನಮ್ಮ ತಾಲ್ಲೂಕಿನಲ್ಲೇ, ನಮ್ಮ ಕತ್ತಲೆಗೆ ಬೇರೆ ಸಾಕ್ಷಿ ಬೇಡ. ಟ್ಯೂಬು ಸೋಲುವುದೂ ಆಗಲೇ. ಬಿಸಿಲಿದ್ದರೆ ಅದರ ಆಟವೇ ಬೇರೆ, ಪ್ಯಾಸೇಜಿನಲ್ಲಿ ಪೇಪರ್ ಓದಬಹುದು. ಪುಷ್ಯ ಮಳೆ ಹಿಡಿದುಕೊಂಡಿತೋ, ಜೀರೋ ಬಲ್ಬಿನಷ್ಟು ಬೆಳಕು. ಕಾರಣ ಸರಳ. 10 ಇಂಚಿನ ತೂತಿನ ವಿಸ್ತಾರ ಅರ್ಧ ಚದರಡಿಗಿಂತ ಚೂರು ಜಾಸ್ತಿ. ಸ್ಕೈಲೈಟಿನದು 8 ಚದರಡಿ, ಹೆಚ್ಚುಕಮ್ಮಿ 15 ಪಟ್ಟು. ಮೋಡದ ದಿನ ಬೆಳಕು ಆಕಾಶದ ಎಲ್ಲ ಕಡೆಯಿಂದ ತೆಳ್ಳಗೆ ಬರುತ್ತದೆ, ದೊಡ್ಡ ಕಿಂಡಿಗೇ ಜಾಸ್ತಿ ಸಿಗುವುದು. ಜುಲೈನಲ್ಲೂ ನಡುಮನೆಯಲ್ಲಿ ಕೂತು ಅಕ್ಕಿ ಆರಿಸಬಹುದು ಈಗ.

ಕೊಳವೆಯ ಹೊಳಪಿನ ಬಗ್ಗೆ ಒಂದು ಮಾತು. ಪಕ್ಕದ ಮನೆಯವರು ನಮ್ಮದನ್ನು ನೋಡಿ, ಅಷ್ಟು ದುಡ್ಡು ಯಾಕೆ ಅಂತ ಮಾಮೂಲಿ ತಗಡಿನ ಪೈಪ್ ಇಳಿಸಿದರು. ಬೆಳಕು ಬರಲೇ ಇಲ್ಲ. ಒಳ್ಳೆಯ ಕೊಳವೆ ಒಂದು ಸಲ ತಾಗಿದ ಬೆಳಕಿನಲ್ಲಿ ನೂರಕ್ಕೆ 98ರಷ್ಟನ್ನು ಮುಂದೆ ಕಳಿಸುತ್ತದೆ. ಹತ್ತು ಸಲ ತಾಗಿದರೂ 80ಕ್ಕಿಂತ ಜಾಸ್ತಿ ಉಳಿಯುತ್ತದೆ. ಒಂದು ಸಲಕ್ಕೆ 85 ಮಾತ್ರ ಕಳಿಸುವ ತಗಡಾದರೆ ಹತ್ತು ಸಲಕ್ಕೆ ಉಳಿಯುವುದು 20. ತಿರುವು ಹೆಚ್ಚಿದಷ್ಟೂ ತಾಗುವುದೂ ಹೆಚ್ಚು. ಅವರ ಪೈಪಿಗೆ ಮೂರು ತಿರುವು!

ನನ್ನ ಟ್ಯೂಬೂ ಮೊದಲ ಡಿಸೆಂಬರ್‌ನಲ್ಲೇ ಕೈಕೊಟ್ಟಿತು. ಬೆಳಿಗ್ಗೆ ಎದ್ದರೆ ಕೆಳಗಿನ ಮುಚ್ಚಳದಲ್ಲಿ ನೀರು ನಿಂತಿದೆ. ಮಳೆಯಿಲ್ಲ, ಹೆಂಚು ಒಣಗಿದೆ. ಎಲ್ಲಿಂದ ಬಂತು? ಬಚ್ಚಲ ಹಂಡೆಯಿಂದ. ಬಾಗಿಲು ತೆರೆದಾಗಲೆಲ್ಲ ಹಬೆ ಪ್ಯಾಸೇಜಿಗೆ ಬಂದು, ಸಂದಿಯಲ್ಲಿ ತೂರಿ, ಕೊಳವೆ ಹತ್ತಿ, ರಾತ್ರಿ ತಣ್ಣಗಾದ ಮೇಲಿನ ಬಟ್ಟಲಿಗೆ ತಾಗಿ ನೀರಾಗುತ್ತಿತ್ತು. ಕೂರಿಸಲು ಬಂದಿದ್ದ ಹುಡುಗ ಒಂದು ರಬ್ಬರ್ ಬಳೆಯನ್ನು "ಇದು ಜಾಸ್ತಿ ಬಂದಿದೆ ಸಾರ್" ಅಂತ ಪಕ್ಕಕ್ಕಿಟ್ಟು ಹೋಗಿದ್ದ. ಹಬೆ ತಡೆಯಬೇಕಾಗಿದ್ದೇ ಅದು. ಕಂಪನಿಗೆ ನಾಲ್ಕು ಸಲ ಫೋನ್ ಮಾಡಿದೆ, ಯಾರೂ ಬರಲಿಲ್ಲ. ಕೊನೆಗೆ ನಾನೇ ಬಳೆ ಹಾಕಿ, ಕೊಳವೆಯ ಸಂದಿಗಳಿಗೆ ಅಲ್ಯೂಮಿನಿಯಂ ಟೇಪ್ ಸುತ್ತಿ, ಕೊಳವೆ ತಣ್ಣಗಾಗದಂತೆ ಮೇಲೆ ಗ್ಲಾಸ್‌ವೂಲ್ ಹೊದಿಸಿದೆ. ಅಕ್ಕನಿಗೆ ಹೇಳಿದರೆ ನಕ್ಕಳು. ಅವಳ ಮನೆಯಲ್ಲಿ ಮೊದಲ ದಿನವೇ ಅಷ್ಟೂ ಮಾಡಿದ್ದರಂತೆ. ಆಮೇಲೆ ನೀರು ನಿಂತಿಲ್ಲ. ಮಳೆಹುಳು ಮಾತ್ರ ಅದು ಹೇಗೋ ಒಳಗೆ ಹೋಗಿ ಸಾಯುತ್ತವೆ. ವರ್ಷಕ್ಕೊಮ್ಮೆ ಮುಚ್ಚಳ ಬಿಚ್ಚಿ ಒರೆಸಬೇಕು.

ಸ್ಕೈಲೈಟಿನ ಕಥೆ ಬೇರೆ. ಮೊದಲ ವರ್ಷ ಆರಿದ್ರಾ ಮಳೆಗೇ ಸೋರಿತು. ಚೌಕಟ್ಟಿನ ಸುತ್ತ ನೀರು ತಡೆಯಲು ಅದರ ಜೊತೆ ಬಂದ ಪಟ್ಟಿ ಚಪ್ಪಟೆ ಮಾಡಿಗೆ ಮಾಡಿದ್ದು, ಮಂಗಳೂರು ಹೆಂಚಿನ ಏರುತಗ್ಗಿಗೆ ಕೂರಲೇ ಇಲ್ಲ. ಸಂದಿಗೆಲ್ಲ ಸಿಲಿಕಾನ್ ಬಳಿದಿದ್ದರು. ನಮ್ಮ ಆಚಾರ್ರು ಬಂದು ನೋಡಿ, "ಅಂಟು ನಂಬಬೇಡಿ, ತಗಡು ನಂಬಿ" ಅಂದರು. ಚೌಕಟ್ಟನ್ನು ಹೆಂಚಿಗಿಂತ 6 ಇಂಚು ಎತ್ತರಿಸಿದರು. ಮೇಲ್ಗಡೆಯ ತಗಡನ್ನು ಮೇಲಿನ ಸಾಲಿನ ಹೆಂಚಿನ ಅಡಿಗೆ ತೂರಿಸಿದರು, ಕೆಳಗಡೆಯದನ್ನು ಕೆಳಸಾಲಿನ ಹೆಂಚಿನ ಮೇಲೆ ಬಿಟ್ಟರು. ಅವತ್ತಿನಿಂದ ಒಂದು ಹನಿ ಬಿದ್ದಿಲ್ಲ. ಆದರೆ ಮೇಲ್ಗಡೆ ಹಲಸಿನೆಲೆ ಕಟ್ಟಿಕೊಳ್ಳುತ್ತದೆ. ಮಳೆಗೆ ಮುಂಚೆ ಒಂದು ಸಲ, ನಡುವೆ ಒಂದು ಸಲ ಏಣಿ ಹತ್ತಲೇಬೇಕು. ಚಳಿಯಲ್ಲಿ ಗಾಜು ಬೆವರುವುದಿಲ್ಲ, ಅಲ್ಯೂಮಿನಿಯಂ ಚೌಕಟ್ಟು ಬೆವರುತ್ತದೆ. ಮರದ ಚೌಕಟ್ಟಿನದು ತಗೋಬೇಕಿತ್ತು.

ಇನ್ನು ಬಿಸಿಲು. ಏಪ್ರಿಲ್ ಕೊನೆಗೆ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ ನಡುಮನೆಯಲ್ಲಿ ಮಲಗುವ ಹಾಗೇ ಇರಲಿಲ್ಲ. ಅಂಗಡಿಯವರು ಹೇಳಿದ ಪರದೆಯ ರೇಟು ಕೇಳಿ ಸುಮ್ನೆ ವಾಪಸ್ ಬಂದೆ. ಅಪ್ಪ ಎರಡು ಅಡಿಕೆ ಸೋಗೆ ತಂದು ಗಾಜಿನ ಮೇಲೆ ಹೊದಿಸಿದರು, ಮುಗೀತು. ಮಾರ್ಚ್‌ನಲ್ಲಿ ಹಾಕುವುದು, ಮಳೆಗೆ ಮುಂಚೆ ತೆಗೆಯುವುದು. ಗಾಜಿಗೆ ಹೊರಗಿನಿಂದ ನೆರಳು ಕೊಟ್ಟರೆ ಬಿಸಿಲಿನ ಶಾಖ ಬಹುಪಾಲು ಹೊರಗೇ ಉಳಿಯುತ್ತದೆ. ಒಳಗೆ ಕಟ್ಟುವ ಪರದೆಯಿಂದ ಅಷ್ಟು ಆಗುತ್ತಿರಲಿಲ್ಲ.

ಮತ್ತೆ ಮಾಡಿಸುವುದಾದರೆ? ಮೇಲೆ ಮೆತ್ತು ಇದ್ದು ಕಿಟಕಿಗೆ ದಾರಿಯೇ ಇಲ್ಲದ ಪ್ಯಾಸೇಜಿಗೆ ಟ್ಯೂಬೇ ಸರಿ. ಹುಣ್ಣಿಮೆ ರಾತ್ರಿ ಎದ್ದು ಹೋಗುವವರಿಗೆ ಅಷ್ಟೇ ಸಾಕು. ದಿನವಿಡೀ ಕೂರುವ ಜಾಗಕ್ಕೆ ದೊಡ್ಡ ಗಾಜೇ ಬೇಕು. ಮಳೆ ಹುಯ್ಯುವುದನ್ನು ಮಲಗಿಕೊಂಡು ನೋಡಬಹುದು, ಅದು ಟ್ಯೂಬಿನಲ್ಲಿ ಇಲ್ಲ. ನೇರ ಹೆಂಚಿನ ಅಡಿಯಲ್ಲೇ ಇರುವ ಅಡುಗೆಮನೆಗೆ ಎರಡೂ ಬೇಡ. ಈ ಬೇಸಿಗೆಯಲ್ಲಿ ಅಲ್ಲಿಗೆ ನಾಲ್ಕು ಗಾಜಿನ ಹೆಂಚು ಹಾಕಿಸುತ್ತಿದ್ದೇನೆ. ತಂದಿದ್ದು ಆರು. ಮಂಗಗಳ ಲೆಕ್ಕಕ್ಕೆ ಎರಡು.