ಗೂಗಲ್ ಆಡ್ಸ್ ಸಣ್ಣ ಆನ್‌ಲೈನ್ ಅಂಗಡಿಗೆ ಗಿಟ್ಟುತ್ತದೆಯೇ?

ಗಿಟ್ಟುತ್ತದೆ, ಎರಡು ಷರತ್ತಿನ ಮೇಲೆ. ಒಂದು ಮಾರಾಟದಲ್ಲಿ ಎಲ್ಲ ಕಳೆದು ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಪಕ್ಕಾ ಇರಬೇಕು. ಜೊತೆಗೆ, ಗೂಗಲ್ ಮೊದಲೇ ಹಾಕಿಟ್ಟಿರುವ ಟಿಕ್‌ಗಳಲ್ಲಿ ಬೇಡದವನ್ನು ಮೊದಲ ದಿನವೇ ತೆಗೆಯಬೇಕು. ಇವೆರಡೂ ಇಲ್ಲದೆ ಹಾಕಿದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ಕಲಸಿದಂತೆಯೇ.

2000ದ ಅಕ್ಟೋಬರ್‌ನಲ್ಲಿ ಆಡ್‌ವರ್ಡ್ಸ್ ಎಂದು ಶುರುವಾಗಿ 2018ರಲ್ಲಿ ಹೆಸರು ಬದಲಿಸಿಕೊಂಡ ಗೂಗಲ್‌ನ ಈ ಜಾಹೀರಾತು ಸೇವೆಯ ದೊಡ್ಡ ಬಲ ಒಂದೇ: ಗಿರಾಕಿ ತನಗೆ ಏನು ಬೇಕೆಂದು ತಾನೇ ಟೈಪ್ ಮಾಡಿ ಹೇಳುತ್ತಾನೆ. ಯಾರ ಜಾಹೀರಾತು ಕಾಣಬೇಕೆಂದು ಆ ಕ್ಷಣಕ್ಕೆ ಒಂದು ಹರಾಜು ನಡೆಯುತ್ತದೆ. ಹೆಚ್ಚು ಕೂಗಿದವನೇ ಗೆಲ್ಲಬೇಕೆಂದೇನಿಲ್ಲ. ಜಾಹೀರಾತು ಆ ಹುಡುಕಾಟಕ್ಕೆ ಎಷ್ಟು ಹೊಂದುತ್ತದೆ, ಜನ ಅದನ್ನು ಒತ್ತುವ ಸಂಭವ ಎಷ್ಟು, ಒತ್ತಿದ ಮೇಲೆ ತೆರೆಯುವ ಪುಟ ಹೇಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ದೊಡ್ಡ ಕಂಪನಿಯ ಮೇಲೆ ಸಣ್ಣ ಅಂಗಡಿ ಕಡಿಮೆ ದರಕ್ಕೆ ಕೂತುಕೊಳ್ಳುವುದು ಸಾಧ್ಯ. ಆದರೆ ಜನ ಹುಡುಕಲು ಹೆಸರೇ ಗೊತ್ತಿಲ್ಲದ ಹೊಸ ಬಗೆಯ ವಸ್ತು ನಿಮ್ಮದಾಗಿದ್ದರೆ ಹುಡುಕಾಟದ ಜಾಹೀರಾತು ಸುಮ್ಮನೆ ದಂಡ. ಅಂಥದ್ದಕ್ಕೆ ವಿಡಿಯೋ, ಚಿತ್ರ ತೋರಿಸುವ ಜಾಗಗಳೇ ವಾಸಿ.

ಮೊದಲು ಲೆಕ್ಕ. ಮಾರಾಟ ಬೆಲೆ 100 ಎಂದಿಟ್ಟುಕೊಳ್ಳಿ. ಸರಕಿನ ಅಸಲು 55, ಪ್ಯಾಕಿಂಗ್ ಮತ್ತು ಸಾಗಣೆ 12, ಪೇಮೆಂಟ್ ಗೇಟ್‌ವೇ ಕಡಿತ 3, ವಾಪಸ್ ಬರುವ ಸರಕಿನ ನಷ್ಟ ಸರಾಸರಿ 5. ಉಳಿಯುವುದು 25. ಜಾಹೀರಾತಿಗೆ ಹಾಕಬಹುದಾದ ಗರಿಷ್ಠ ಮೊತ್ತ ಅಷ್ಟೇ, ಅದೂ ಲಾಭವೂ ಇಲ್ಲದ ನಷ್ಟವೂ ಇಲ್ಲದ ಗೆರೆಯ ಮೇಲೆ. ಅಂದರೆ ಜಾಹೀರಾತಿನ 1ಕ್ಕೆ 4ರಷ್ಟು ಮಾರಾಟ ಬರಲೇಬೇಕು. ಗೂಗಲ್‌ನ ಭಾಷೆಯಲ್ಲಿ 400 ಶೇಕಡಾ ಆರ್‌ಒಎಎಸ್, ಅಂದರೆ ಜಾಹೀರಾತಿನ ಖರ್ಚಿಗೆ ಹೋಲಿಸಿದರೆ ಬಂದ ಮಾರಾಟ. ಬಂದ 100 ಜನರಲ್ಲಿ ಇಬ್ಬರು ಕೊಳ್ಳುತ್ತಾರೆ ಎಂದರೆ ಒಂದು ಮಾರಾಟಕ್ಕೆ 50 ಕ್ಲಿಕ್ ಬೇಕು, ಹಾಗಾಗಿ ಒಂದು ಕ್ಲಿಕ್‌ಗೆ ನೀವು ತೆರಬಹುದಾದದ್ದು ಹೆಚ್ಚೆಂದರೆ 0.5 (25ನ್ನು 50ರಿಂದ ಭಾಗಿಸಿದ್ದು). ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕೆಂದು ನೀವು ಕೊಡುವ ಪದವೇ ಕೀವರ್ಡ್. ಅವುಗಳ ದರ ನೋಡಲು ಕೀವರ್ಡ್ ಪ್ಲಾನರ್ ಎಂಬ ಉಪಕರಣ ಖಾತೆಯೊಳಗೇ ಇದೆ. ನಿಮ್ಮ ಪದಗಳಿಗೆ ಅದು ತೋರಿಸುವ ದರ 1 ಇದ್ದರೆ ಬೆಲೆ ಏರಿಸಬೇಕು, ಇಲ್ಲವೇ ಎರಡು ಮೂರು ವಸ್ತು ಸೇರಿಸಿ ಒಂದು ಸೆಟ್ ಮಾಡಬೇಕು, ಇಲ್ಲವೇ ಒಮ್ಮೆ ಕೊಂಡವರು ಮತ್ತೆ ಬರುತ್ತಾರೆಂಬ ಖಾತ್ರಿ ಇರಬೇಕು. ಮೂರರಲ್ಲಿ ಒಂದೂ ಆಗದಿದ್ದರೆ ಜಾಹೀರಾತು ಹಾಕುವ ಅಗತ್ಯವೇ ಇಲ್ಲ.

ಖಾತೆ ತೆರೆಯುವಾಗಲೇ ಮೊದಲ ಬಲೆ ಎದುರಾಗುತ್ತದೆ. ಗೂಗಲ್ ಕೈ ಹಿಡಿದು ನಡೆಸುತ್ತಾ ಅಲ್ಲೇ ಒಂದು ಕ್ಯಾಂಪೇನ್ (ಒಂದೇ ಬಜೆಟ್ಟಿನ ಜಾಹೀರಾತುಗಳ ಗುಂಪು) ಮಾಡಿಸಿ, ಕಾರ್ಡಿನ ವಿವರ ಪಡೆದು ಓಡಿಸಿಬಿಡಲು ನೋಡುತ್ತದೆ. ಕ್ಯಾಂಪೇನ್ ಮಾಡದೆ ಖಾತೆಯನ್ನಷ್ಟೇ ತೆರೆಯುವ ಕೊಂಡಿ ಸಣ್ಣ ಅಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿರುತ್ತದೆ, ಅದನ್ನು ಹುಡುಕಿ ಒತ್ತಿ. ಆಮೇಲೆ ನಿಧಾನವಾಗಿ ಸರ್ಚ್ (ಹುಡುಕಾಟದ) ಕ್ಯಾಂಪೇನ್ ಮಾಡುವಾಗ ಮೂರು ಕಡೆ ಕೈ ಹಾಕಬೇಕು. ನೆಟ್‌ವರ್ಕ್ ವಿಭಾಗದಲ್ಲಿ ಡಿಸ್‌ಪ್ಲೇ ನೆಟ್‌ವರ್ಕ್ ಮತ್ತು ಸರ್ಚ್ ಪಾರ್ಟ್‌ನರ್ಸ್ (ಗೂಗಲ್ ಜೊತೆ ಕೈಜೋಡಿಸಿದ ಬೇರೆ ಹುಡುಕಾಟದ ಸೈಟುಗಳು) ಎಂಬ ಎರಡಕ್ಕೂ ಟಿಕ್ ಬಿದ್ದಿರುತ್ತದೆ. ಡಿಸ್‌ಪ್ಲೇ ಎಂದರೆ ಬೇರೆ ಬೇರೆ ಸೈಟು, ಆ್ಯಪ್‌ಗಳಲ್ಲಿ ಕಾಣುವ ಜಾಹೀರಾತು. ಆಟ ಆಡುತ್ತಿರುವವರ ಹೆಬ್ಬೆರಳು ತಪ್ಪಿ ಬಿದ್ದ ಕ್ಲಿಕ್ಕಿಗೂ ನಿಮ್ಮ ಸರ್ಚ್ ಬಜೆಟ್ ಖರ್ಚಾಗಬಹುದು. ಎರಡನ್ನೂ ತೆಗೆಯಿರಿ. ಲೊಕೇಶನ್ ವಿಭಾಗದ ಒಳಪದರದಲ್ಲಿ "ಈ ಜಾಗದಲ್ಲಿರುವವರು ಅಥವಾ ಈ ಜಾಗದಲ್ಲಿ ಆಸಕ್ತಿ ಇರುವವರು" ಎಂಬುದು ಮೊದಲೇ ಆಯ್ಕೆಯಾಗಿರುತ್ತದೆ. ನೀವು ಸರಕು ಕಳಿಸಲಾಗದ ದೇಶದವರ ಕ್ಲಿಕ್ಕು ಬರುವುದು ಈ ಬಾಗಿಲಿನಿಂದ. "ಇಲ್ಲಿ ಇರುವವರು" ಎಂಬುದಕ್ಕೆ ಬದಲಿಸಿ. ಮೂರನೆಯದು ಖಾತೆಯ ಶಿಫಾರಸು (ರೆಕಮೆಂಡೇಶನ್ಸ್) ಪುಟದಲ್ಲಿರುವ ಆಟೋ ಅಪ್ಲೈ: ಶಿಫಾರಸುಗಳನ್ನು ನಿಮ್ಮನ್ನು ಕೇಳದೆ ಜಾರಿ ಮಾಡುವ ಪಟ್ಟಿ. ಅಲ್ಲಿ ಏನೇ ಟಿಕ್ ಇದ್ದರೂ ತೆಗೆಯಿರಿ.

ದಿನದ ಬಜೆಟ್ ಎಂಬ ಪದವನ್ನೂ ಅಕ್ಷರಶಃ ನಂಬಬೇಡಿ. 10 ಎಂದು ಬರೆದರೆ ಯಾವುದಾದರೂ ದಿನ 20ರ ತನಕ ಖರ್ಚಾಗಬಹುದು. ತಿಂಗಳ ಒಟ್ಟು ಮಾತ್ರ ಅದರ 30.4 ಪಟ್ಟು, ಅಂದರೆ 304 ಮೀರುವುದಿಲ್ಲ. ಹಾಗಾಗಿ ತಿಂಗಳ ಮೊತ್ತ ಮೊದಲು ನಿಶ್ಚಯಿಸಿ 30.4ರಿಂದ ಭಾಗಿಸಿ ಬರೆಯುವುದೇ ಸರಿ. ನಾಲ್ಕು ದಿನ ಮಾತ್ರ ಓಡಿಸಿ ನಿಲ್ಲಿಸುವವರಿಗೆ ಈ ನಿಯಮ ಜೇಬಿಗೆ ಕಚ್ಚುತ್ತದೆ.

ಅಸಲಿ ಆಟ ಕೀವರ್ಡ್‌ಗಳದು. ಚರ್ಮದ ಹೊದಿಕೆಯ ನೋಟ್‌ಬುಕ್ ಮಾರುವ ಅಂಗಡಿಯನ್ನು ತೆಗೆದುಕೊಳ್ಳಿ. ಚಿಹ್ನೆ ಏನೂ ಇಲ್ಲದೆ ಲೆದರ್ ನೋಟ್‌ಬುಕ್ ಎಂದು ಬರೆದರೆ ಅದು ಬ್ರಾಡ್ ಮ್ಯಾಚ್. ಗೂಗಲ್ ಅದಕ್ಕೆ ಸಂಬಂಧಪಟ್ಟದ್ದು ಎಂದು ತನಗೆ ಅನ್ನಿಸಿದ ಯಾವ ಹುಡುಕಾಟಕ್ಕೂ ನಿಮ್ಮ ಜಾಹೀರಾತು ತೋರಿಸಬಹುದು. ಎರಡು ವಾರದ ನಂತರ, ಜನ ನಿಜಕ್ಕೂ ಏನು ಟೈಪ್ ಮಾಡಿದರೆಂದು ತೋರಿಸುವ ಸರ್ಚ್ ಟರ್ಮ್ಸ್ ವರದಿ ತೆರೆದರೆ ಇಂಥ ಸಾಲುಗಳು ಕಾಣುತ್ತವೆ: ನೋಟ್‌ಬುಕ್ ಕಂಪ್ಯೂಟರ್ ಲೆದರ್ ಕವರ್, ನೋಟ್‌ಬುಕ್ ಬೈಂಡಿಂಗ್ ಮಾಡುವುದು ಹೇಗೆ, ಲೆದರ್ ಸ್ವಚ್ಛ ಮಾಡುವ ವಿಧಾನ, ಉಚಿತ ನೋಟ್‌ಬುಕ್ ಟೆಂಪ್ಲೇಟ್, ಲೆದರ್ ಕಾರ್ಖಾನೆ ಕೆಲಸ. ಇವರಲ್ಲಿ ಕೊಳ್ಳಲು ಬಂದವರು ಒಬ್ಬರೂ ಇಲ್ಲ, ಐದು ಕ್ಲಿಕ್ಕಿನ ದುಡ್ಡು ಮಾತ್ರ ಹೋಗಿದೆ. ಉದ್ಧರಣ ಚಿಹ್ನೆಯೊಳಗೆ "ಲೆದರ್ ನೋಟ್‌ಬುಕ್" ಎಂದರೆ ಫ್ರೇಸ್ ಮ್ಯಾಚ್ (ಆ ಅರ್ಥ ಒಳಗೊಂಡ ಹುಡುಕಾಟಗಳಿಗೆ ಕಾಣುತ್ತದೆ), ಚೌಕ ಆವರಣದೊಳಗೆ [ಲೆದರ್ ನೋಟ್‌ಬುಕ್] ಎಂದರೆ ಎಕ್ಸಾಕ್ಟ್. ಎಕ್ಸಾಕ್ಟ್ ಕೂಡ ಹೆಸರಿಗಷ್ಟೇ ಎಕ್ಸಾಕ್ಟ್, ಅದೇ ಅರ್ಥದ ಬೇರೆ ಪದಗಳಿಗೂ ಅದು ಕಾಣುತ್ತದೆ. ಹೊಸ ಖಾತೆಯಲ್ಲಿ 10ರಿಂದ 15 ಫ್ರೇಸ್ ಮತ್ತು ಎಕ್ಸಾಕ್ಟ್ ಪದ ಸಾಕು. ಅದರಲ್ಲೂ ಗಾತ್ರ, ಬಣ್ಣ, ಹೆಸರು ಅಚ್ಚು ಹಾಕಿಸುವುದು, ಉಡುಗೊರೆ ಇಂಥ ವಿವರ ಇರುವ ಉದ್ದ ಪದಗಳು. ಹುಡುಕುವವರು ಕಡಿಮೆ, ಆದರೆ ಬಂದವರು ಜೇಬಿಗೆ ಕೈ ಹಾಕಿಯೇ ಬಂದಿರುತ್ತಾರೆ.

ನೆಗೆಟಿವ್ ಕೀವರ್ಡ್, ಅಂದರೆ ಇವಿದ್ದರೆ ಜಾಹೀರಾತು ತೋರಿಸಬೇಡ ಎನ್ನುವ ಪದಗಳ, ಪಟ್ಟಿಯನ್ನು ಮೊದಲ ದಿನವೇ ಹಾಕಿ: ಉಚಿತ, ಹೇಗೆ, ಕೆಲಸ, ರಿಪೇರಿ, ಸೆಕೆಂಡ್ ಹ್ಯಾಂಡ್, ಲ್ಯಾಪ್‌ಟಾಪ್, ಟೆಂಪ್ಲೇಟ್. ಇಲ್ಲಿ ಒಂದು ಸೂಕ್ಷ್ಮ ಇದೆ. ಒಳ್ಳೆಯ ಪದಗಳನ್ನು ಗೂಗಲ್ ಧಾರಾಳವಾಗಿ ಹಿಗ್ಗಿಸಿ ನೋಡುತ್ತದೆ, ಬೇಡದ ಪದಗಳನ್ನು ಮಾತ್ರ ಹಾಗೆ ಹಿಗ್ಗಿಸುವುದಿಲ್ಲ. ಏಕವಚನ ತಡೆದರೆ ಬಹುವಚನ ತಾನಾಗಿ ತಡೆಯಲ್ಪಡದು, ಸಮಾನಾರ್ಥಕ ಪದವೂ ಅಷ್ಟೇ. ಎಲ್ಲ ರೂಪಗಳನ್ನೂ ನೀವೇ ಬರೆಯಬೇಕು. ಮೊದಲ ತಿಂಗಳು ಸರ್ಚ್ ಟರ್ಮ್ಸ್ ವರದಿಯನ್ನು ವಾರಕ್ಕೆರಡು ಸಲ ನೋಡಿ. ಆದರೂ ಎಲ್ಲ ಕ್ಲಿಕ್ಕಿನ ಮೂಲ ಅಲ್ಲಿ ಸಿಗದು: 2020ರ ಸೆಪ್ಟೆಂಬರ್‌ನಿಂದ ಕಡಿಮೆ ಜನ ಹುಡುಕಿದ ಪದಗಳನ್ನು ಗೂಗಲ್ ಮುಚ್ಚಿಡುತ್ತಿದೆ. ದುಡ್ಡು ಕೊಟ್ಟವರಿಗೆ ಯಾವ ಪದಕ್ಕೆ ಕೊಟ್ಟೆವೆಂದು ತಿಳಿಯುವ ಹಕ್ಕಿಲ್ಲದಿರುವುದು ಈ ಸೇವೆಯ ಮೇಲಿರುವ ದೊಡ್ಡ ತಕರಾರು.

ಜಾಹೀರಾತು ಬರೆಯುವುದು ಅಷ್ಟು ಕಷ್ಟವಲ್ಲ. 30 ಅಕ್ಷರದ ಶೀರ್ಷಿಕೆ 15ರ ತನಕ, 90 ಅಕ್ಷರದ ವಿವರಣೆ ನಾಲ್ಕರ ತನಕ ಕೊಟ್ಟರೆ ಗೂಗಲ್ ಅವನ್ನು ಕಲಸಿ ಜೋಡಿಸುತ್ತದೆ. ಯಾವುದರ ಪಕ್ಕ ಯಾವುದು ಬಂದರೂ ಅರ್ಥ ಕೆಡದಂತೆ ಬರೆಯಬೇಕು. ಶೀರ್ಷಿಕೆಯಲ್ಲೇ ಬೆಲೆ ಹಾಕಿಬಿಡಿ. ಬೆಲೆ ನೋಡಿ ಹಿಂಜರಿಯುವವರು ಕ್ಲಿಕ್ಕೇ ಮಾಡುವುದಿಲ್ಲ, ಆ ಮಟ್ಟಿಗೆ ಖರ್ಚು ಉಳಿಯಿತು. ಕ್ಲಿಕ್ ಮಾಡಿದವರನ್ನು ಅಂಗಡಿಯ ಮುಖಪುಟಕ್ಕೆ ಕಳಿಸಬೇಡಿ, ಅವರು ಹುಡುಕಿದ ವಸ್ತುವಿನ ಪುಟಕ್ಕೇ ಕಳಿಸಿ.

ಹೆಚ್ಚಿನವರು ಮುಗ್ಗರಿಸುವುದು ಕನ್ವರ್ಷನ್, ಅಂದರೆ ಕ್ಲಿಕ್ಕು ಮಾರಾಟವಾದದ್ದರ, ಎಣಿಕೆಯಲ್ಲಿ. ಆರ್ಡರ್ ಮುಗಿದ ಮೇಲೆ ಬರುವ ಧನ್ಯವಾದ ಪುಟದಲ್ಲಿ ಗೂಗಲ್ ಟ್ಯಾಗ್ (ಮಾರಾಟ ಎಣಿಸುವ ಸಣ್ಣ ಕೋಡ್) ಓಡಬೇಕು, ಅದರ ಜೊತೆಗೆ ಆರ್ಡರ್ ಮೊತ್ತ ಮತ್ತು ಆರ್ಡರ್ ಸಂಖ್ಯೆ ಎರಡೂ ಹೋಗಬೇಕು. ಮೊತ್ತ ಹೋಗದಿದ್ದರೆ ಎಲ್ಲ ಮಾರಾಟವೂ ಒಂದೇ ಬೆಲೆಯದಾಗಿ ಕಾಣುತ್ತದೆ. ಸಂಖ್ಯೆ ಹೋಗದಿದ್ದರೆ ಗಿರಾಕಿ ಆ ಪುಟವನ್ನು ರಿಫ್ರೆಶ್ ಮಾಡಿದಾಗಲೆಲ್ಲ ಹೊಸ ಮಾರಾಟ ಎಂದು ಎಣಿಕೆಯಾಗಿ, ವರದಿಯಲ್ಲಿ ಲಾಭ, ಬ್ಯಾಂಕಿನಲ್ಲಿ ಮಾತ್ರ ಖಾಲಿ. ಕಾರ್ಟ್‌ಗೆ ಹಾಕಿದ್ದು, ಪುಟ ನೋಡಿದ್ದು ಇಂಥವನ್ನೂ ಪ್ರೈಮರಿ ಎಂದು ಗುರುತು ಹಾಕಿದ್ದರೆ ಅವೂ ಮಾರಾಟದ ಸಾಲಿಗೆ ಸೇರಿಬಿಡುತ್ತವೆ. ಖರೀದಿಯೊಂದನ್ನೇ ಪ್ರೈಮರಿ ಇಟ್ಟು ಉಳಿದದ್ದನ್ನು ಸೆಕೆಂಡರಿ ಮಾಡಿ. ಇನ್ನೊಂದು ಕಣ್ಣಿಗೆ ಬೀಳದ ದೋಷ: ಕ್ಲಿಕ್ ಆದಾಗ ವಿಳಾಸದ ಕೊನೆಗೆ ಜಿಸಿಎಲ್‌ಐಡಿ (gclid) ಎಂಬ ಗುರುತು ಅಂಟಿಕೊಂಡು ಬರುತ್ತದೆ. ನಿಮ್ಮ ಸೈಟಿನ ರೀಡೈರೆಕ್ಟ್ (ಒಂದು ವಿಳಾಸದಿಂದ ಇನ್ನೊಂದಕ್ಕೆ ಕಳಿಸುವ ವ್ಯವಸ್ಥೆ) ಅದನ್ನು ಕಿತ್ತು ಹಾಕಿದರೆ ಮಾರಾಟವಾದರೂ ಜಾಹೀರಾತಿನ ಖಾತೆಗೆ ಜಮೆಯಾಗದು. ನಿಮ್ಮದೇ ಪುಟದ ವಿಳಾಸದ ಕೊನೆಗೆ ?gclid=123 ಎಂಬಂತೆ ಆ ಗುರುತನ್ನೂ ಯಾವುದಾದರೊಂದು ಅಂಕಿಯನ್ನೂ ಕೈಯಾರೆ ಸೇರಿಸಿ ತೆರೆದು, ಪುಟ ಬಂದ ಮೇಲೂ ಅದು ಉಳಿದಿದೆಯೇ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಪರೀಕ್ಷೆಗೆಂದು ಜಾಹೀರಾತನ್ನೇ ಒತ್ತುತ್ತಾ ಕೂರಬೇಡಿ.

ಬಿಡ್ಡಿಂಗ್ (ಹರಾಜಿನಲ್ಲಿ ದರ ಕೂಗುವುದು) ಬಗ್ಗೆ ಗೂಗಲ್‌ನ ಸಲಹೆ ಯಾವಾಗಲೂ ಯಂತ್ರಕ್ಕೆ ಬಿಡಿ ಎಂಬುದೇ. ಯಂತ್ರ ಜಾಣ ಹೌದು, ಆದರೆ ಅದಕ್ಕೆ ಕಲಿಯಲು ಮಾರಾಟಗಳು ಬೇಕು. ತಿಂಗಳಿಗೆ ನಾಲ್ಕು ಆರ್ಡರ್ ಬರುವ ಅಂಗಡಿಯಲ್ಲಿ ಟಾರ್ಗೆಟ್ ಆರ್‌ಒಎಎಸ್ (ಆ ಗುರಿ ಮುಟ್ಟುವಂತೆ ಯಂತ್ರವೇ ದರ ಕೂಗುವುದು) ಹಾಕಿದರೆ ಅದು ಕತ್ತಲಲ್ಲಿ ತಡಕಾಡುತ್ತದೆ, ಇಲ್ಲವೇ ಜಾಹೀರಾತು ತೋರಿಸುವುದನ್ನೇ ನಿಲ್ಲಿಸುತ್ತದೆ. ಶುರುವಿನಲ್ಲಿ ಮ್ಯಾನುಯಲ್ ಸಿಪಿಸಿ (ಕ್ಲಿಕ್ಕಿನ ದರ ನೀವೇ ಹಾಕುವುದು), ಅಥವಾ ಮ್ಯಾಕ್ಸಿಮೈಸ್ ಕ್ಲಿಕ್ಸ್ (ಬಜೆಟ್ಟಿನೊಳಗೆ ಆದಷ್ಟು ಹೆಚ್ಚು ಕ್ಲಿಕ್ ತರುವುದು) ಇಟ್ಟು ಒಂದು ಕ್ಲಿಕ್ಕಿನ ಗರಿಷ್ಠ ದರಕ್ಕೆ ಮೇಲಿನ ಲೆಕ್ಕದ ಅಂಕಿ ಹಾಕಿ. ತಿಂಗಳಿಗೆ 30 ಮಾರಾಟ ದಾಟಿದ ಮೇಲೆ ಯಂತ್ರಕ್ಕೆ ಕೊಡಿ, ಕೊಟ್ಟ ಮೇಲೆ ಎರಡು ವಾರ ಮುಟ್ಟಬೇಡಿ. ದಿನಾ ಗುರಿ ಬದಲಿಸಿದರೆ ಕಲಿಕೆ ಮೊದಲಿನಿಂದ ಶುರುವಾಗುತ್ತದೆ.

ಯಾವಾಗ ಕೈಬಿಡಬೇಕು? 2 ಶೇಕಡಾ ಜನ ಕೊಳ್ಳುವ ಪದವಾಗಿದ್ದರೂ 50 ಕ್ಲಿಕ್ಕಿಗೆ ಒಂದೂ ಮಾರಾಟವಾಗದಿರುವುದು 100ರಲ್ಲಿ 36 ಸಲ ಆಗುವಂಥದ್ದೇ, ಅಷ್ಟಕ್ಕೇ ಎದೆ ಒಡೆದುಕೊಳ್ಳಬೇಕಿಲ್ಲ. 150 ಕ್ಲಿಕ್ಕಿಗೂ ಬೋಣಿಯಾಗದಿದ್ದರೆ ಅಂಥ ಸಂಭವ 100ರಲ್ಲಿ 5ಕ್ಕೆ ಇಳಿಯುತ್ತದೆ. ಆಗ ಆ ಪದವನ್ನು ನಿಲ್ಲಿಸಿ ಪುಟ, ಬೆಲೆ, ಸಾಗಣೆ ಶುಲ್ಕ ಎಲ್ಲಿ ಕಾಣಿಸುತ್ತಿದೆ ಎಂಬುದನ್ನು ನೋಡಿ. ಕೊನೆಯ ಪರದೆಯಲ್ಲಿ ಧುತ್ತೆಂದು ಎದ್ದುಬರುವ ಸಾಗಣೆ ಶುಲ್ಕಕ್ಕೆ ಕೊಳ್ಳಲು ಬಂದವರೂ ಓಡಿಹೋಗುತ್ತಾರೆ.

ಚಿತ್ರ, ಬೆಲೆ ಸಮೇತ ಕಾಣುವ ಶಾಪಿಂಗ್ ಜಾಹೀರಾತು ವಸ್ತು ಮಾರುವವರಿಗೆ ಪಠ್ಯಕ್ಕಿಂತ ಹೆಚ್ಚಾಗಿ ಒದಗುತ್ತದೆ. ಅದಕ್ಕೆ ಗೂಗಲ್‌ನದೇ ಇನ್ನೊಂದು ಸೇವೆಯಾದ ಮರ್ಚೆಂಟ್ ಸೆಂಟರ್‌ನಲ್ಲಿ ವಸ್ತುಗಳ ಪಟ್ಟಿ, ಅಂದರೆ ಫೀಡ್, ಬೇಕು. ಪಟ್ಟಿಯ ಬೆಲೆಯೂ ಪುಟದ ಬೆಲೆಯೂ ಒಂದೇ ಇಲ್ಲದಿದ್ದರೆ ವಸ್ತು ತಿರಸ್ಕೃತ. ರಿಯಾಯಿತಿ ಹಾಕಿ ಪಟ್ಟಿ ಬದಲಿಸಲು ಮರೆಯುವುದೇ ಇದರ ಮಾಮೂಲಿ ಕಾರಣ. ಚಿತ್ರದ ಮೇಲೆ ವಾಟರ್‌ಮಾರ್ಕ್, ಆಫರ್ ಬರಹ ಇರಬಾರದು. ವಾಪಸಾತಿ ನಿಯಮ ಮತ್ತು ಸಂಪರ್ಕ ವಿವರ ಸೈಟಿನಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಮಿಸ್‌ರೆಪ್ರೆಸೆಂಟೇಶನ್ (ದಾರಿ ತಪ್ಪಿಸುವಿಕೆ) ಎಂಬ ಹಣೆಪಟ್ಟಿ ಹಚ್ಚಿ ಖಾತೆಯನ್ನೇ ಅಮಾನತು ಮಾಡಬಹುದು. ಅದರಿಂದ ಹೊರಬರುವುದು ಹರಸಾಹಸ, ಹಾಗಾಗಿ ಈ ಪುಟಗಳನ್ನು ಮೊದಲೇ ಮಾಡಿಟ್ಟುಕೊಳ್ಳಿ. ಅಂದಹಾಗೆ ಇದೇ ಪಟ್ಟಿಯಿಂದ ದುಡ್ಡು ಕೊಡದೆ ಕಾಣುವ ಫ್ರೀ ಲಿಸ್ಟಿಂಗ್ ಕೂಡ ಸಿಗುತ್ತದೆ. ಜಾಹೀರಾತು ಹಾಕದವರೂ ಇದನ್ನು ಬಿಡಬಾರದು.

2021ರಲ್ಲಿ ಬಂದ ಪರ್ಫಾರ್ಮೆನ್ಸ್ ಮ್ಯಾಕ್ಸ್ ಎಂಬ ಕ್ಯಾಂಪೇನ್ ಬಗೆ ಸರ್ಚ್, ಯೂಟ್ಯೂಬ್, ಜಿಮೇಲ್, ಡಿಸ್‌ಪ್ಲೇ ಎಲ್ಲವನ್ನೂ ಒಂದೇ ಮಡಕೆಗೆ ಹಾಕಿ ಬೇಯಿಸುತ್ತದೆ. ಫಲಿತಾಂಶ ಅದ್ಭುತವಾಗಿ ಕಂಡರೆ ಮೊದಲು ಒಂದು ವಿಷಯ ಪರೀಕ್ಷಿಸಿ: ಅದು ನಿಮ್ಮ ಅಂಗಡಿಯ ಹೆಸರನ್ನೇ ಟೈಪ್ ಮಾಡಿ ಬಂದವರನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡಿರುವ ಸಾಧ್ಯತೆ ಹೆಚ್ಚು. ಅವರು ಹೇಗೂ ಬರುತ್ತಿದ್ದರು. ಬ್ರ್ಯಾಂಡ್ ಎಕ್ಸ್‌ಕ್ಲೂಷನ್‌ನಲ್ಲಿ (ಈ ಹೆಸರಿನ ಹುಡುಕಾಟಕ್ಕೆ ತೋರಿಸಬೇಡ ಎಂಬ ಪಟ್ಟಿ) ನಿಮ್ಮ ಹೆಸರು ಹಾಕಿ ಮತ್ತೆ ಎರಡು ವಾರ ನೋಡಿ, ನಿಜವಾದ ಅಂಕಿ ಆಗ ಕಾಣುತ್ತದೆ.

ಖಾತೆಯ ಮೇಲ್ಭಾಗದಲ್ಲಿ ಆಪ್ಟಿಮೈಸೇಶನ್ ಸ್ಕೋರ್ ಎಂಬ ಶೇಕಡಾವಾರು ಅಂಕಿ ಮಿನುಗುತ್ತಿರುತ್ತದೆ. ಗೂಗಲ್‌ನ ಸಲಹೆಗಳನ್ನು ನೀವು ಎಷ್ಟು ಒಪ್ಪಿದ್ದೀರಿ, ಇಲ್ಲವೇ ನೋಡಿ ತಳ್ಳಿಹಾಕಿದ್ದೀರಿ ಎಂಬುದರ ಅಳತೆ ಅದು, ನಿಮ್ಮ ಲಾಭದ್ದಲ್ಲ. ಬಜೆಟ್ ಏರಿಸಿ, ಬ್ರಾಡ್ ಮ್ಯಾಚ್ ಸೇರಿಸಿ ಎಂಬವೇ ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಡಿಸ್ಮಿಸ್ ಒತ್ತಿದರೂ ಸ್ಕೋರ್ ಏರುತ್ತದೆ ಎಂಬುದು ತಮಾಷೆ.

ಹೊಸ ಖಾತೆಗೆ ಕೊಡುವ ಉಚಿತ ಕ್ರೆಡಿಟ್ ಸಾಮಾನ್ಯವಾಗಿ ನೀವು ಮೊದಲು ಇಷ್ಟು ಖರ್ಚು ಮಾಡಿದ ಮೇಲೆ ಸಿಗುವಂಥದ್ದು, ಷರತ್ತು ಓದಿ. ಕ್ರೆಡಿಟ್ ಮುಗಿದಾಗ ಜಾಹೀರಾತು ತಾನಾಗಿ ನಿಲ್ಲುವುದಿಲ್ಲ, ಖರ್ಚು ನೇರ ಕಾರ್ಡಿಗೆ ಹತ್ತುತ್ತದೆ. ಕಾರ್ಡಿನಿಂದ ಹಣ ಕಡಿತವಾಗುವ ಮಿತಿಯೂ ಖರ್ಚಿನ ಜೊತೆ ಏರುತ್ತಾ ಹೋಗುತ್ತದೆ, ಹಾಗಾಗಿ ಕಡಿತದ ಎಸ್ಎಂಎಸ್ ಬರಲಿಲ್ಲವೆಂದು ಖರ್ಚಾಗಿಲ್ಲ ಎಂದುಕೊಳ್ಳಬೇಡಿ. ಸಾಕು ಅನ್ನಿಸಿದ ದಿನ ಪ್ರತಿ ಕ್ಯಾಂಪೇನ್ ಪಕ್ಕದ ಹಸಿರು ಚುಕ್ಕೆ ಒತ್ತಿ ಪಾಜ್ ಮಾಡಿ (ತಡೆಹಿಡಿಯಿರಿ), ಬಿಲ್ಲಿಂಗ್ ಪುಟದಲ್ಲಿ ಬಾಕಿ ಎಷ್ಟೆಂದು ನೋಡಿ, ಮಾರನೆಯ ದಿನ ಇನ್ನೊಮ್ಮೆ ನೋಡಿ. ನಿಲ್ಲಿಸುವ ಮುಂಚಿನ ಕ್ಲಿಕ್ಕುಗಳ ಲೆಕ್ಕ ಬಂದು ಸೇರಲು ಸ್ವಲ್ಪ ಹೊತ್ತು ಹಿಡಿಯುತ್ತದೆ.